12 ಸೆಂಟಿಮೀಟರ್ ಡಬ್ಬದೊಳಗೆ ಇಣುಕಿ ನೋಡಿದಾಗ

ಆರ್ಕಿಟೆಕ್ಚರ್ ಓದಲು ಸೇರಿದ ಮೊದಲ ಸೆಮಿಸ್ಟರ್‌ನಲ್ಲಿ ನಮಗೆ ಯಾರೂ ಮನೆ ಡಿಸೈನ್ ಮಾಡಿ ಅಂತ ಹೇಳಲಿಲ್ಲ. ಬಾಗಿಲು, ಕಿಟಕಿ, ಅಡುಗೆಮನೆ ಅನ್ನುವ ಮಾತೇ ಬರಲಿಲ್ಲ. ಕೈಗೆ ಸಿಕ್ಕಿದ್ದು ಇಷ್ಟು: ಉದ್ದ, ಅಗಲ, ಎತ್ತರ ಮೂರೂ 12 ಸೆಂಟಿಮೀಟರ್ ಇರುವ ಒಂದು ಡಬ್ಬ ಇದೆ ಅಂದುಕೊಳ್ಳಿ. ಅದರೊಳಗೆ ಮೌಂಟ್ ಬೋರ್ಡ್ ಅನ್ನುವ ದಪ್ಪ ಬಿಳಿ ಹಾಳೆಯಿಂದ ಜಾಗಗಳನ್ನು ಮಾಡಿ. ಸ್ಕೇಲ್ 1:50.

ಮೂರು ರಾತ್ರಿ ಕೂತು ಕಟ್ಟಿದೆ. ತ್ರಿಕೋನಗಳು, ಬಾಗಿಸಿದ ಹಾಳೆಗಳು, ಒಂದರ ಮೇಲೊಂದು ಓರೆಯಾಗಿ ನಿಂತ ಪಟ್ಟಿಗಳು. ದೂರದಿಂದ ನೋಡಿದರೆ ಈಗಷ್ಟೇ ಹಾರಲು ಹೊರಟ ಹಕ್ಕಿಯ ಹಾಗೆ ಕಾಣುತ್ತಿತ್ತು. ಅದು ನನಗೆ ತುಂಬಾ ಇಷ್ಟವಾಗಿತ್ತು. ಮಾಡೆಲ್‌ಗಳನ್ನು ನೋಡಿ ವಿಮರ್ಶಿಸುವ ಜ್ಯೂರಿ ದಿನ ನಮ್ಮ ಮೇಡಂ ಅದನ್ನು ಕೈಗೆತ್ತಿಕೊಂಡರು. ಮೇಲಿನಿಂದ ನೋಡಲೇ ಇಲ್ಲ. ಕಣ್ಣಿನ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚಿ, ಎರಡು ಹಾಳೆಗಳ ನಡುವಿನ ಸಂದಿಯಲ್ಲಿ ಇಣುಕಿದರು. "ಇದರೊಳಗೆ ನಾನು ಎಲ್ಲಿ ನಿಂತ್ಕೊಳ್ಳಲಿ?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಲ್ಲುವ ಜಾಗವನ್ನು ನಾನು ಮಾಡಿರಲೇ ಇಲ್ಲ. ಒಂದು ಚೆಂದದ ಆಕಾರ ಮಾಡಿದ್ದೆ, ಅಷ್ಟೇ.

ಆಕಾರ ಬೇರೆ, ಜಾಗ ಬೇರೆ. ಕೇಳಲು ಇದು ಸುಲಭ. ಕೈಗೆ ಬರಲು ನನಗೆ ಒಂದು ವರ್ಷ ಹಿಡಿಯಿತು. ಕಟ್ಟಡಗಳನ್ನು ಇಷ್ಟಪಡುವವರಿಗೂ, ಈಗಷ್ಟೇ ಈ ಕೋರ್ಸ್ ಸೇರಿದವರಿಗೂ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಮಾತಿನ ವಿಷಯ. ಸ್ಟುಡಿಯೋದಲ್ಲಿ, ಅಂದರೆ ನಮ್ಮ ಡಿಸೈನ್ ಕ್ಲಾಸಿನಲ್ಲಿ, ಎಲ್ಲರೂ ಸ್ಪೇಸ್, ಫಾರ್ಮ್ ಅಂತಲೇ ಹೇಳುತ್ತಾರೆ. ನಾನಿಲ್ಲಿ ಜಾಗ, ಆಕಾರ ಅಂತ ಬರೆಯುತ್ತೇನೆ. ಜಾಗ ಅಂದರೆ ಸೈಟ್ ಅಲ್ಲ. ಗೋಡೆ, ನೆಲ, ಸೂರು ಸೇರಿ ಹಿಡಿದಿಟ್ಟ ಖಾಲಿ. ಕೈಯಲ್ಲಿ ಮುಟ್ಟಲಾಗದ್ದು, ಆದರೆ ಒಳಗೆ ಕಾಲಿಟ್ಟ ತಕ್ಷಣ ಮೈಗೆ ಗೊತ್ತಾಗುವಂಥದ್ದು. ಕೊಡವನ್ನು ಮಣ್ಣಿನಿಂದ ಮಾಡುತ್ತೇವೆ, ನೀರು ತುಂಬುವುದು ಮಾತ್ರ ಮಣ್ಣಿಲ್ಲದ ಕಡೆ, ಅಲ್ವಾ? ಕಟ್ಟಡವೂ ಹಾಗೆಯೇ. ದುಡ್ಡು, ಸಿಮೆಂಟು, ಇಟ್ಟಿಗೆ ಎಲ್ಲ ಗೋಡೆಗೆ ಹೋಗುತ್ತದೆ. ನಾವು ಬದುಕುವುದು ಗೋಡೆ ಇಲ್ಲದ ಕಡೆ.

ತೊಂದರೆ ಏನೆಂದರೆ ಖಾಲಿ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಕಣ್ಣು ವಸ್ತುವನ್ನು ಹಿಡಿಯುತ್ತದೆ, ಅದರ ಸುತ್ತ ಇರುವುದನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಖಾಲಿಯನ್ನು ನೋಡಲು ಕಣ್ಣಿಗೆ ಅಭ್ಯಾಸ ಮಾಡಿಸಬೇಕು. ಇದಕ್ಕೆ ಹಳೆಯದೊಂದು ದಾರಿ ಇದೆ. 1748ರಲ್ಲಿ ಇಟಲಿಯ ಆರ್ಕಿಟೆಕ್ಟ್ ಜಾಂಬಟಿಸ್ಟಾ ನೋಲ್ಲಿ ರೋಮ್ ನಗರದ ಒಂದು ನಕ್ಷೆ ಪ್ರಕಟಿಸಿದ. ಕಟ್ಟಡಗಳಿಗೆಲ್ಲ ಗಾಢ ಬಣ್ಣ ತುಂಬಿ, ರಸ್ತೆ ಮತ್ತು ಚೌಕಗಳನ್ನು ಬಿಳಿಯಾಗಿ ಬಿಟ್ಟ. ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಜನ ಒಳಗೆ ಹೋಗಬಹುದಾದ ಚರ್ಚುಗಳ ಒಳಭಾಗವನ್ನೂ ಬಿಳಿಯಾಗಿಯೇ ತೋರಿಸಿದ. ಆ ನಕ್ಷೆ ನೋಡಿದರೆ ರಸ್ತೆ, ಚೌಕ, ಚರ್ಚಿನ ಒಳಗು ಎಲ್ಲ ಒಂದಕ್ಕೊಂದು ಹರಿದು ಸೇರಿದ ಹಾಗೆ ಕಾಣುತ್ತದೆ. ಊರು ಅಂದರೆ ಕಟ್ಟಡಗಳ ರಾಶಿ ಅಂದುಕೊಂಡಿದ್ದ ನನಗೆ, ಆ ಬಿಳಿಯನ್ನು ಓದಲು ಕಲಿತ ದಿನ ನಿಜವಾಗಿಯೂ ಖುಷಿಯಾಯಿತು.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಹತ್ತಿರ. ರೇಚಲ್ ವೈಟ್‌ರೆಡ್ ಅನ್ನುವ ಶಿಲ್ಪಿ 1993ರಲ್ಲಿ ಲಂಡನ್‌ನಲ್ಲಿ ಕೆಡವಬೇಕಿದ್ದ ಒಂದು ಮನೆಯನ್ನೇ ಅಚ್ಚಾಗಿ ಬಳಸಿದರು. ಒಳಗಿನಿಂದ ಕಾಂಕ್ರೀಟ್ ಹಾಕಿ, ಆಮೇಲೆ ಹೊರಗಿನ ಗೋಡೆಗಳನ್ನು ಕಿತ್ತು ತೆಗೆದರು. ಉಳಿದದ್ದು ಮನೆಯೊಳಗಿನ ಖಾಲಿಯ ಆಕಾರ. ಗೂಡಾಗಿ ಒಳಗೆ ಹೋಗಿದ್ದ ಭಾಗ ಉಬ್ಬಾಗಿ ಹೊರಗೆ ಬಂದಿತ್ತು. ಕೆಲವೇ ತಿಂಗಳಲ್ಲಿ, 1994ರ ಜನವರಿಯಲ್ಲಿ, ಅದನ್ನು ಕೆಡವಿಬಿಟ್ಟರು. ಅದಕ್ಕೂ ಮೊದಲು, 1950ರ ದಶಕದಲ್ಲಿ, ಇಟಲಿಯ ಆರ್ಕಿಟೆಕ್ಟ್ ಲುಯಿಜಿ ಮೊರೆಟ್ಟಿ ಹಳೆಯ ಕಟ್ಟಡಗಳ ಒಳಜಾಗಗಳನ್ನು ಮಾತ್ರ ಗಟ್ಟಿ ಮಾಡೆಲ್‌ಗಳಾಗಿ ಮಾಡಿಸಿದ್ದರು. ಗೋಡೆಯೇ ಇಲ್ಲದ, ಬರೀ ಒಳಗಿನ ಗಾಳಿಯ ಮಾಡೆಲ್.

ಇದನ್ನು ಓದಿ ನಾನೂ ಮಾಡಿ ನೋಡಿದೆ. ನನ್ನ ಎರಡನೇ ಮಾಡೆಲ್‌ನಲ್ಲಿ ಮೂರು ಬೇರೆ ಬೇರೆ ಜಾಗಗಳಿವೆ ಅಂತ ನಾನು ನಂಬಿದ್ದೆ. ಒಂದು ಒಬ್ಬರೇ ಕೂರುವುದಕ್ಕೆ, ಒಂದು ನಾಲ್ಕು ಜನ ಸೇರುವುದಕ್ಕೆ, ಒಂದು ಸುಮ್ನೆ ದಾಟಿ ಹೋಗುವುದಕ್ಕೆ. ಒಳಗೆಲ್ಲ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಮಾಡೆಲಿಂಗ್ ಕ್ಲೇ ಒತ್ತಿ ತುಂಬಿದೆ. ಮೂಲೆಗಳಿಗೆ ಬೆರಳು ಹೋಗದೆ ಪೆನ್ಸಿಲ್ ಹಿಂಬದಿಯಿಂದ ತಳ್ಳಬೇಕಾಯಿತು. ಆಮೇಲೆ ಹಾಳೆಗಳನ್ನು ಕತ್ತರಿಸಿ ಬಿಡಿಸಿದೆ. ಮೇಜಿನ ಮೇಲೆ ಉಳಿದದ್ದು ಮೂರು ಇಟ್ಟಿಗೆಯಂಥ ಗಟ್ಟಿಗಳು. ಮೂರಕ್ಕೂ ಹೆಚ್ಚುಕಡಿಮೆ ಅದೇ ಎತ್ತರ, ಅದೇ ಅಗಲ. ಹೊರಗೆ ಅಷ್ಟೊಂದು ತಿರುವು, ಕೊರೆತ ಮಾಡಿದ್ದೆ. ಒಳಗೆ ಮೂರೂ ಒಂದೇ. ಗೋಡೆಗೆ ಏನೇನೋ ಮಾಡಿದ್ದೆ, ಜಾಗಕ್ಕೆ ಏನೂ ಮಾಡಿರಲಿಲ್ಲ.

ಹಾಗಾದರೆ ಜಾಗಕ್ಕೆ ಏನಾದರೂ ಮಾಡುವುದು ಅಂದರೆ ಏನು?

ಎಲ್ಲಕ್ಕಿಂತ ಮೊದಲು ಮಾಡೆಲ್‌ನೊಳಗೆ ಒಬ್ಬ ಮನುಷ್ಯನನ್ನು ಇಡಬೇಕು. 1:50 ಅಂದರೆ ನಿಜವಾದ 50 ಸೆಂಟಿಮೀಟರ್ ಮಾಡೆಲ್‌ನಲ್ಲಿ 1 ಸೆಂಟಿಮೀಟರ್. ಹಾಗೆ ನೋಡಿದರೆ 1.7 ಮೀಟರ್ ಎತ್ತರದ ಮನುಷ್ಯ 3.4 ಸೆಂಟಿಮೀಟರ್ ಆಗುತ್ತಾನೆ. ನಮ್ಮ 12 ಸೆಂಟಿಮೀಟರ್ ಡಬ್ಬ 6 ಮೀಟರ್ ಆಗುತ್ತದೆ, ಅಂದರೆ ಸಾಮಾನ್ಯ ಎರಡು ಅಂತಸ್ತಿನಷ್ಟು. 2 ಮಿಲಿಮೀಟರ್ ದಪ್ಪದ ಬೋರ್ಡ್ 10 ಸೆಂಟಿಮೀಟರ್ ಗೋಡೆ. ಕಾಗದದಲ್ಲಿ ಕತ್ತರಿಸಿದ ಆ ಪುಟ್ಟ ಮನುಷ್ಯ ಒಳಗೆ ನಿಂತ ಕ್ಷಣದಿಂದ ನಾವು ಹಾಳೆ ಅಂಟಿಸುವುದು ನಿಂತು, ಜಾಗ ಅಳೆಯುವುದು ಶುರುವಾಗುತ್ತದೆ. ಇವನಿಗೆ ತಲೆ ತಾಗುತ್ತಾ? ಇವನಿಗೆ ಆಚೆ ಕಾಣುತ್ತಾ?

ಫ್ರಾನ್ಸ್‌ನ ಆರ್ಕಿಟೆಕ್ಟ್ ಲೆ ಕಾರ್ಬ್ಯೂಸಿಯೆ ತನ್ನ ಅಳತೆಯ ಪದ್ಧತಿಯನ್ನೇ ಹೀಗೆ ಒಬ್ಬ ನಿಂತ ಮನುಷ್ಯನ ಮೇಲೆ ಕಟ್ಟಿದ. ಅವನ ಮನುಷ್ಯನ ಎತ್ತರ 183 ಸೆಂಟಿಮೀಟರ್, ಕೈ ಮೇಲೆತ್ತಿದರೆ 226. ಎಲ್ಲ ಮೈಗಳೂ ಅದಕ್ಕೆ ಹೊಂದುವುದಿಲ್ಲ, ಆ ಆಕ್ಷೇಪ ಸರಿಯಾದದ್ದೇ. ಆದರೂ ಕಟ್ಟಡದ ಅಳತೆ ಮೈಯಿಂದ ಹುಟ್ಟಬೇಕು ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಇನ್ನು ಗೋಡೆಯ ಎತ್ತರ. ಮಾಡೆಲ್‌ನಲ್ಲಿ 1.2 ಸೆಂಟಿಮೀಟರ್ ಪಟ್ಟಿ ನಿಲ್ಲಿಸಿ, ಅಂದರೆ ನಿಜದಲ್ಲಿ 60 ಸೆಂಟಿಮೀಟರ್. ಅದು ನೆಲವನ್ನು ಎರಡು ಭಾಗ ಮಾಡುತ್ತದೆ, ನೋಟವನ್ನು ತಡೆಯುವುದಿಲ್ಲ. ಅದರ ಆಚೆ ಈಚೆ ಇರುವ ಇಬ್ಬರು ಇನ್ನೂ ಒಂದೇ ಕೋಣೆಯಲ್ಲಿದ್ದಾರೆ. 2.4 ಸೆಂಟಿಮೀಟರ್ ಮಾಡಿ. ಈಗ ಕೂತವನು ಮರೆಯಾದ, ನಿಂತವನಿಗೆ ಎಲ್ಲ ಕಾಣುತ್ತಿದೆ. ಕೂತರೆ ಏಕಾಂತ, ಎದ್ದರೆ ಎಲ್ಲರ ಜೊತೆ. 3.6 ಮಾಡಿದರೆ ಕಣ್ಣಿನ ಮಟ್ಟ ದಾಟಿತು. ಈಗ ಅವು ಎರಡು ಬೇರೆ ಜಾಗ, ಮೇಲೆ ಸೂರು ಎಷ್ಟೇ ಒಂದಾಗಿದ್ದರೂ. ಮೇಲಿನಿಂದ ನೋಡಿದ ಹಾಗೆ ಬರೆಯುವ ಪ್ಲಾನ್‌ನಲ್ಲಿ ಈ ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯ ಹಾಗೆ ಕಾಣುತ್ತವೆ. ಅದಕ್ಕೇ ಬರೀ ಪ್ಲಾನ್ ಬರೆದು ಡಿಸೈನ್ ಮುಗಿಯಿತು ಅಂದುಕೊಳ್ಳಬಾರದು. ಕಟ್ಟಡವನ್ನು ಮೇಲಿಂದ ಕೆಳಗೆ ಕುಯ್ದು ತೋರಿಸುವ ಸೆಕ್ಷನ್ ಬರೆದಾಗ ಜಾಗ ಮಾತಾಡಲು ಶುರು ಮಾಡುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು ಮೂಲೆಯಲ್ಲಿ. ನಾಲ್ಕು ಗೋಡೆಗಳು ನಾಲ್ಕು ಮೂಲೆಗಳಲ್ಲಿ ಸೇರಿದರೆ ಡಬ್ಬ ಆಗುತ್ತದೆ. ನೋಟ ಗೋಡೆಯುದ್ದಕ್ಕೂ ಜಾರಿ ಮೂಲೆಗೆ ಹೋಗಿ ನಿಲ್ಲುತ್ತದೆ. ಈಗ ಗೋಡೆಯ ನಟ್ಟನಡುವೆ ಒಂದು ಕಿಟಕಿ ಕೊರೆಯಿರಿ. ಬೆಳಕು ಬಂತು, ಆದರೆ ಡಬ್ಬ ಡಬ್ಬವಾಗಿಯೇ ಇದೆ, ತೂತು ಬಿದ್ದ ಡಬ್ಬ. ಅದೇ ಅಗಲದ ಕಿಂಡಿಯನ್ನು ಮೂಲೆಗೆ ತಳ್ಳಿ. ಎರಡು ಗೋಡೆಗಳು ಒಂದನ್ನೊಂದು ಮುಟ್ಟದ ಹಾಗೆ ಬಿಡಿ. ನೋಟ ಗೋಡೆಯ ಗುಂಟ ಜಾರಿ, ನಿಲ್ಲುವುದಕ್ಕೆ ಜಾಗವಿಲ್ಲದೆ, ಹೊರಗೆ ಹೋಗಿಬಿಡುತ್ತದೆ. ಅಷ್ಟೇ ಬೋರ್ಡ್, ಅಷ್ಟೇ ಕಿಂಡಿ. ಕೋಣೆ ಮಾತ್ರ ಬೇರೆ. ನಾನು ಇದನ್ನು ಒಂದು ಸಂಜೆ ಹತ್ತಾರು ಸಲ ಮಾಡಿ ನೋಡಿದೆ. ಗೋಡೆಯನ್ನು ಅಂಟಿಸದೆ ಬೆರಳಲ್ಲೇ ಹಿಡಿದು, ಮೂಲೆಗೆ ತಾಗಿಸಿ, ಹಿಂದಕ್ಕೆಳೆದು, ಮತ್ತೆ ತಾಗಿಸಿ. ಪ್ರತಿ ಸಲ ಹಿಂದಕ್ಕೆಳೆದಾಗಲೂ ಒಳಗಿನ ಬಿಗಿ ಸಡಿಲವಾಗುತ್ತಿತ್ತು.

ಅಮೆರಿಕದ ಆರ್ಕಿಟೆಕ್ಟ್ ಫ್ರ್ಯಾಂಕ್ ಲಾಯ್ಡ್ ರೈಟ್ ಡಬ್ಬವನ್ನು ಒಡೆಯುವ ಬಗ್ಗೆ ಜೀವನವಿಡೀ ಮಾತಾಡಿದ. 1930ರ ದಶಕದಲ್ಲಿ ಅವನು ಜಲಪಾತದ ಮೇಲೆ ಕಟ್ಟಿದ ಫಾಲಿಂಗ್‌ವಾಟರ್ ಮನೆಯಲ್ಲಿ ಮೂಲೆಯ ಕಿಟಕಿಗಳು ಎರಡೂ ಬದಿಗೆ ತೆರೆದುಕೊಳ್ಳುತ್ತವೆ. ತೆರೆದಾಗ ಮೂಲೆಯಲ್ಲಿ ಕಂಬವೇ ಇಲ್ಲ. ಜರ್ಮನಿಯ ಮೀಸ್ ವಾನ್ ಡೆರ್ ರೋಹೆ ಮತ್ತು ಲಿಲ್ಲಿ ರೈಖ್ 1929ರಲ್ಲಿ ಬಾರ್ಸಿಲೋನಾದಲ್ಲಿ ಮಾಡಿದ ಪೆವಿಲಿಯನ್, ಅಂದರೆ ಪ್ರದರ್ಶನ ಮಂಟಪ, ಇನ್ನೂ ಮುಂದೆ ಹೋಯಿತು. ಅಲ್ಲಿ ಮುಖ್ಯ ಸೂರಿನ ಭಾರವನ್ನು ಎಂಟು ತೆಳು ಕಂಬಗಳು ಹೊರುತ್ತವೆ. ಹಾಗಾಗಿ ಗೋಡೆಗಳಿಗೆ ಹೊರುವ ಕೆಲಸ ತಪ್ಪಿತು. ಅವು ಕಲ್ಲಿನ, ಗಾಜಿನ ಪರದೆಗಳ ಹಾಗೆ ಬಿಡಿಬಿಡಿಯಾಗಿ ನಿಂತು, ಒಂದನ್ನೊಂದು ದಾಟಿ ಮುಂದೆ ಹೋಗುತ್ತವೆ. ಒಂದು ಜಾಗ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲಾಗದು. 1930ರಲ್ಲೇ ಅದನ್ನು ಬಿಚ್ಚಿದ್ದರು, ಈಗ ಅಲ್ಲಿರುವುದು 1980ರ ದಶಕದಲ್ಲಿ ಮತ್ತೆ ಕಟ್ಟಿದ್ದು.

ಇಲ್ಲಿಯವರೆಗೆ ಹೇಳಿದ್ದು ಹಾಳೆಗಳ ಕಥೆ. ಹಾಳೆಯನ್ನು ಹಾಳೆಗೆ ಜೋಡಿಸಿ ಜಾಗ ಹಿಡಿಯುವುದು ಒಂದು ರೀತಿ. ಗಟ್ಟಿಯಿಂದ ಕೊರೆದು ಜಾಗ ತೆಗೆಯುವುದು ಇನ್ನೊಂದು. ಎಂಟನೇ ಶತಮಾನದ ಎಲ್ಲೋರಾದ ಕೈಲಾಸ ದೇವಾಲಯವನ್ನು ಕಟ್ಟಿದ್ದಲ್ಲ, ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆದು ಬಿಡಿಸಿದ್ದು. ಅಲ್ಲಿ ಅಂಗಳ ಅಂದರೆ ತೆಗೆದುಹಾಕಿದ ಕಲ್ಲಿನ ಜಾಗ. ಸ್ಟುಡಿಯೋದಲ್ಲಿ ಇದನ್ನು ಸೋಪಿನಲ್ಲಿ, ಥರ್ಮೋಕೋಲ್‌ನಲ್ಲಿ ಮಾಡಿಸುತ್ತಾರೆ. ಎರಡನ್ನೂ ಮಾಡಿ ನೋಡಬೇಕು. ಯಾಕೆಂದರೆ ಕೈಯ ಕೆಲಸ ಬದಲಾದರೆ ಯೋಚನೆಯೂ ಬದಲಾಗುತ್ತದೆ. ಹಾಳೆ ಹಿಡಿದವರು ಅಂಚಿನ ಬಗ್ಗೆ ಯೋಚಿಸುತ್ತಾರೆ, ಸೋಪು ಕೊರೆದವರು ದಪ್ಪದ ಬಗ್ಗೆ.

ಈ ದಪ್ಪ ಅನ್ನುವುದು ನಮ್ಮ ಕಾಲದಲ್ಲಿ ಮರೆತೇಹೋಗಿದೆ ಅನ್ನಿಸುತ್ತದೆ. ರೋಮ್‌ನ ಹಳೆಯ ದೇವಾಲಯ ಪ್ಯಾಂಥಿಯನ್ ನೋಡಿ. ಸುಮಾರು 1900 ವರ್ಷ ಹಳೆಯದು. ಒಳಗಿನ ಅಗಲ ಸುಮಾರು 43 ಮೀಟರ್, ನೆಲದಿಂದ ಮೇಲಿನ ತೆರೆದ ಕಿಂಡಿಯವರೆಗಿನ ಎತ್ತರವೂ ಅಷ್ಟೇ. ಅಂದರೆ ಒಳಗೆ ಒಂದು ಪೂರ್ತಿ ಚೆಂಡು ಸರಿಯಾಗಿ ಕೂರುತ್ತದೆ. ಹೊರಗೆ ನಿಂತು ನೋಡಿದರೆ ಆ ಚೆಂಡು ಕಾಣುವುದೇ ಇಲ್ಲ. ಗುಮ್ಮಟ ತಗ್ಗಾಗಿ, ತಟ್ಟೆ ಮಗುಚಿದ ಹಾಗೆ ಕಾಣುತ್ತದೆ. ಯಾಕೆ ಗೊತ್ತಾ? ಗುಮ್ಮಟದ ಬುಡ ಸುಮಾರು 6 ಮೀಟರ್ ದಪ್ಪ, ತುದಿಗೆ ಹೋಗುತ್ತಾ ಅದು ಒಂದು ಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಒಳಗಿನ ಜಾಗಕ್ಕೆ ಒಂದು ಆಕಾರ, ಹೊರಗಿನ ಮೈಗೆ ಇನ್ನೊಂದು. ನಡುವಿನ ವ್ಯತ್ಯಾಸವನ್ನೆಲ್ಲ ದಪ್ಪ ನುಂಗಿಕೊಂಡಿದೆ. ಹೊರಗಿನ ಆಕಾರ ಒಳಗಿನ ಜಾಗದ ನಕಲು ಆಗಬೇಕಿಲ್ಲ ಅಂತ ನನಗೆ ಗೊತ್ತಾಗಿದ್ದು ಇಲ್ಲಿ.

ಇದನ್ನು ತಿಳಿದ ಮೇಲೆ ನನ್ನ ಹಕ್ಕಿಯ ತಪ್ಪು ಇನ್ನೂ ಚೆನ್ನಾಗಿ ಅರ್ಥವಾಯಿತು. ಮೊದಲ ವರ್ಷದಲ್ಲಿ ನಮ್ಮಲ್ಲಿ ಬಹಳ ಜನ ಕಾನ್ಸೆಪ್ಟ್ ಅಂತ ಹೇಳಿ ಒಂದು ಹೂವು, ಒಂದು ಅಲೆ, ಒಂದು ಎಲೆಯನ್ನು ಹಿಡಿಯುತ್ತೇವೆ. ಅದರ ಆಕಾರವನ್ನು ದೊಡ್ಡದು ಮಾಡಿ, ಒಳಗೆ ಕೋಣೆಗಳನ್ನು ತುರುಕುತ್ತೇವೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಎಲೆಯ ಆಕಾರ ಆಕಾಶದಿಂದ ನೋಡುವವರಿಗೆ ಕಾಣುತ್ತದೆ. ಒಳಗೆ ಬಂದವನಿಗೆ ಸಿಗುವುದು ಬಾಗಿದ ಗೋಡೆ, ಕಪಾಟು ಕೂರದ ಮೂಲೆ. ಎಲೆ ನಿಜವಾಗಿಯೂ ಇಷ್ಟವಾದರೆ ಅದರ ಕೆಳಗೆ ನಿಂತಾಗ ಬೆಳಕು ಹೇಗೆ ಸೋಸಿ ಬರುತ್ತದೆ ಅಂತ ನೋಡಬಹುದು. ಅದನ್ನು ಜಾಗಕ್ಕೆ ತರಬಹುದು. ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡುವಾಗ ಈ ಅಪಾಯ ಇನ್ನೂ ಜಾಸ್ತಿ. ಅಲ್ಲಿ ಸದಾ ಹೊರಗಿನಿಂದ, ಮೇಲಿನಿಂದ ತಿರುಗಿಸಿ ನೋಡುವುದೇ ಅಭ್ಯಾಸವಾಗಿಬಿಡುತ್ತದೆ.

ಇನ್ನೊಂದು ವಿಷಯ, ಒಂದು ಜಾಗ ಒಂಟಿಯಾಗಿ ಇರುವುದಿಲ್ಲ. ಅದಕ್ಕಿಂತ ಮುಂಚೆ ಎಲ್ಲಿದ್ದೆವು ಅನ್ನುವುದರ ಮೇಲೆ ಅದು ದೊಡ್ಡದೋ ಚಿಕ್ಕದೋ ಅಂತ ನಿರ್ಧಾರವಾಗುತ್ತದೆ. ರೈಟ್ ತನ್ನ ಮನೆಗಳಲ್ಲಿ ಬಾಗಿಲ ಹತ್ತಿರ ಸೂರನ್ನು ಬೇಕಂತಲೇ ತಗ್ಗಿಸುತ್ತಿದ್ದ. ತಲೆ ಮೇಲೆ ಸೂರು ಒತ್ತಿದ ಹಾಗೆ ಬಂದವನು ಹಾಲ್‌ಗೆ ಕಾಲಿಟ್ಟಾಗ, ಹಾಲ್ ತನ್ನ ನಿಜವಾದ ಅಳತೆಗಿಂತ ದೊಡ್ಡದಾಗಿ ತೆರೆದುಕೊಳ್ಳುತ್ತದೆ. ಆಸ್ಟ್ರಿಯಾದ ಆರ್ಕಿಟೆಕ್ಟ್ ಆಡಾಲ್ಫ್ ಲೋಸ್ ಇದನ್ನೇ ಇನ್ನೊಂದು ರೀತಿ ಮಾಡಿದ. 1930ರಲ್ಲಿ ಪ್ರಾಗ್‌ನಲ್ಲಿ ಮುಗಿದ ಅವನ ವಿಲ್ಲಾ ಮ್ಯುಲ್ಲರ್ ಅನ್ನುವ ಮನೆಯಲ್ಲಿ ಒಂದೊಂದು ಕೋಣೆಗೂ ಅದರ ಕೆಲಸಕ್ಕೆ ತಕ್ಕ ಎತ್ತರ. ಒಂದರಿಂದ ಒಂದಕ್ಕೆ ಕೆಲವೇ ಮೆಟ್ಟಿಲು ಹತ್ತಿ ಇಳಿದು ಹೋಗಬೇಕು. ಹೊರಗಿನಿಂದ ಅದು ಸಾದಾ ಬಿಳಿ ಡಬ್ಬ. ನಮ್ಮ 12 ಸೆಂಟಿಮೀಟರ್ ಅಭ್ಯಾಸ ಕೇಳುತ್ತಿದ್ದದ್ದು ಬಹುಶಃ ಇದನ್ನೇ.

ಕಟ್ಟಡಗಳ ನಡುವಿನ ಖಾಲಿಯೂ ಹೀಗೆಯೇ ಡಿಸೈನ್ ಆಗಬೇಕು. ಲೂಯಿಸ್ ಕಾನ್ ಡಿಸೈನ್ ಮಾಡಿದ ಕ್ಯಾಲಿಫೋರ್ನಿಯಾದ ಸಾಲ್ಕ್ ಇನ್‌ಸ್ಟಿಟ್ಯೂಟ್ ಅನ್ನುವ ಸಂಶೋಧನಾ ಸಂಸ್ಥೆಯ ಎರಡು ಸಾಲು ಕಟ್ಟಡಗಳ ನಡುವೆ ಮೊದಲು ತೋಟ ಬರಬೇಕಿತ್ತು. ಮೆಕ್ಸಿಕೋದ ಆರ್ಕಿಟೆಕ್ಟ್ ಲುಯಿಸ್ ಬರಗಾನ್ ಬಂದು ನೋಡಿ, ಇಲ್ಲಿ ಒಂದು ಗಿಡವೂ ಬೇಡ ಅಂದರು. ಈಗ ಅಲ್ಲಿ ಬರೀ ಕಲ್ಲಿನ ನೆಲ, ನಡುವೆ ಒಂದು ತೆಳು ನೀರಿನ ಗೆರೆ, ಕೊನೆಯಲ್ಲಿ ಸಮುದ್ರ ಮತ್ತು ಆಕಾಶ. ಫೋಟೋ ತೆಗೆಯುವವರೆಲ್ಲ ತೆಗೆಯುವುದು ಆ ಖಾಲಿಯನ್ನೇ.

ಬೆಳಕಿನ ಬಗ್ಗೆ ಹೇಳದೆ ಇದು ಪೂರ್ತಿಯಾಗುವುದಿಲ್ಲ. ಫ್ರಾನ್ಸ್‌ನ ರಾನ್‌ಶಾಂನಲ್ಲಿ ಲೆ ಕಾರ್ಬ್ಯೂಸಿಯೆಯ ಚಾಪೆಲ್, ಅಂದರೆ ಪುಟ್ಟ ಚರ್ಚು, ಇದೆ, 1955ರಲ್ಲಿ ಮುಗಿದದ್ದು. ಅದರ ಕಾಂಕ್ರೀಟ್ ಸೂರು ಭಾರಿ ಗಾತ್ರದ್ದು. ಆದರೆ ಅದು ಗೋಡೆಯ ಮೇಲೆ ಪೂರ್ತಿ ಕೂತಿಲ್ಲ. ಗೋಡೆಗೂ ಸೂರಿಗೂ ನಡುವೆ ಸುಮಾರು 10 ಸೆಂಟಿಮೀಟರ್ ಸಂದಿ ಬಿಟ್ಟಿದ್ದಾರೆ. ಅಲ್ಲಿಂದ ಬೆಳಕಿನ ಗೆರೆಯೊಂದು ಒಳಗೆ ಬರುತ್ತದೆ, ಅಷ್ಟು ಭಾರದ ಸೂರು ತೇಲಿದ ಹಾಗಾಗುತ್ತದೆ. ಆಕಾರ ಹಾಗೇ ಇದೆ, ಭಾರ ಹಾಗೇ ಇದೆ, ಆದರೆ ಒಳಗೆ ನಿಂತವನಿಗೆ ಅದು ಹಗುರ.

10 ಸೆಂಟಿಮೀಟರ್ ಅಂದರೆ ನಮ್ಮ ಸ್ಕೇಲ್‌ನಲ್ಲಿ 2 ಮಿಲಿಮೀಟರ್. ಒಂದು ಮೌಂಟ್ ಬೋರ್ಡ್‌ನ ದಪ್ಪ.

ಸೆಮಿಸ್ಟರ್ ಕೊನೆಯ ಮಾಡೆಲ್‌ನಲ್ಲಿ ನಾನು ಅದನ್ನೇ ಮಾಡಿದೆ. ಹೊರಗಿನಿಂದ ಅದು ಸುಮ್ನೆ ಒಂದು ಬಿಳಿ ಘನ. ಹಕ್ಕಿ ಇಲ್ಲ, ತ್ರಿಕೋನ ಇಲ್ಲ. ಒಳಗೆ ಹೋಗುವ ದಾರಿಯ ಸೂರು 4.2 ಸೆಂಟಿಮೀಟರ್, ಅಂದರೆ 2.1 ಮೀಟರ್. ಅದು ಒಂದು ತಿರುವು ತೆಗೆದುಕೊಂಡು ಪೂರ್ತಿ ಎತ್ತರದ ಜಾಗಕ್ಕೆ ತೆರೆದುಕೊಳ್ಳುತ್ತದೆ. ಆ ಜಾಗದ ಒಂದು ಮೂಲೆಯಲ್ಲಿ ಗೋಡೆಗಳು ಸೇರುವುದಿಲ್ಲ. ಮೇಲಿನ ಹಾಳೆಯನ್ನು ನಾಲ್ಕು ಗುಂಡುಪಿನ್‌ಗಳ ಮೇಲೆ ನಿಲ್ಲಿಸಿ, ಒಂದು ಬದಿಯಲ್ಲಿ 2 ಮಿಲಿಮೀಟರ್ ಸಂದಿ ಬಿಟ್ಟೆ. ಸ್ಟುಡಿಯೋದ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದೆ. ಒಳಗಿನ ಗೋಡೆಯ ಮೇಲೆ ಬೆಳಕಿನ ಒಂದು ಗೆರೆ ಮೂಡಿತು. ಟಾರ್ಚ್ ಸರಿಸಿದ ಹಾಗೆ ಅದು ಗೋಡೆ ಇಳಿದು ನೆಲಕ್ಕೆ ಬಂತು.

ಜ್ಯೂರಿಯಲ್ಲಿ ಮೇಡಂ ಮತ್ತೆ ಒಂದು ಕಣ್ಣು ಮುಚ್ಚಿ ಇಣುಕಿದರು. ಈ ಸಲ ಬಹಳ ಹೊತ್ತು ನೋಡಿದರು. ಆಮೇಲೆ ಚಿಮಟದಿಂದ ನನ್ನ 3.4 ಸೆಂಟಿಮೀಟರ್ ಮನುಷ್ಯನನ್ನು ದಾರಿಯಿಂದ ಎತ್ತಿ, ಬೆಳಕಿನ ಗೆರೆ ಬಿದ್ದ ಕಡೆ ನಿಲ್ಲಿಸಿದರು.

"ಇವನು ಇಲ್ಲಿ ಸ್ವಲ್ಪ ಹೊತ್ತು ಇರ್ತಾನೆ ಅಂತ ಕಾಣುತ್ತೆ. ಕೂರೋಕೆ ಏನಿಟ್ಟಿದ್ದೀಯ?"

ಕೂರುವ ಎತ್ತರ 45 ಸೆಂಟಿಮೀಟರ್. ಅವತ್ತು ಸಂಜೆ 9 ಮಿಲಿಮೀಟರ್ ಅಗಲದ ಒಂದು ಪಟ್ಟಿ ಕತ್ತರಿಸಿ, ಆ ಗೋಡೆಯ ಬುಡದಲ್ಲಿ ನಿಲ್ಲಿಸಿದೆ.